ಸಿಲ್ವರ್ ಓಕ್ ಟೆಲಿಕಾಸ್ಟರ್: ಬಾಡಿ ಸಿದ್ಧ, ಮುಂದೆ ಬಣ್ಣವೋ ಜೋಡಣೆಯೋ?

(ಗಿಟಾರ್ ಕಟ್ಟುವವರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಉಳಿಬಾಚಿ

ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಬಾಡಿ ಕಾಫಿ ತೋಟದ ಸಿಲ್ವರ್ ಓಕ್, ಎರಡು ಹಲಗೆ ಅಂಟಿಸಿದ್ದು, ದಪ್ಪ 44 ಮಿ.ಮೀ. ನೆಕ್ ಮೇಪಲ್, ಫಿಂಗರ್‌ಬೋರ್ಡ್ ಬೀಟೆ, ಸ್ಕೇಲ್ (ತಂತಿ ಮಿಡಿಯುವ ಉದ್ದ) 25.5 ಇಂಚು. ಫ್ರೆಟ್ (ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿ) ಕೂತಿವೆ, ಲೆವೆಲ್ ಆಗಿದೆ. ಬಾಡಿಯಲ್ಲಿ ನೆಕ್ ಕೂರುವ ಕುಳಿ, ಅಂದರೆ ನೆಕ್ ಪಾಕೆಟ್, 16 ಮಿ.ಮೀ. ಆಳ. ಪಿಕಪ್ (ತಂತಿಯ ಕಂಪನ ಹಿಡಿಯುವ ಆಯಸ್ಕಾಂತದ ಸುರುಳಿ) ಕುಳಿ, ಕಂಟ್ರೋಲ್ ಕುಳಿ ಎರಡೂ ತೆಗೆದಾಗಿದೆ. ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಪ್ಲೇಟ್) ತೂತು, ನೆಕ್ ಸ್ಕ್ರೂ ತೂತು ಇನ್ನೂ ಇಲ್ಲ. ಬಾಡಿಗೆ 120ರ ಸ್ಯಾಂಡ್‌ಪೇಪರ್ ಹೊಡೆದಾಗಿದೆ.

ಮೊದಲು ಬಣ್ಣ ಹಾಕಬೇಕೋ, ಜೋಡಿಸಬೇಕೋ? ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್, ಪಿಯು (ಪಾಲಿಯುರೆಥೇನ್), ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್) ಇವುಗಳಲ್ಲಿ ಯಾವುದು ಸರಿ? ಜಾಗ ಮಲೆನಾಡು, ಮಳೆ ಇನ್ನೂ ಬಿಟ್ಟಿಲ್ಲ.

ಹನ್ನೆರಡನೇ ಫ್ರೆಟ್

ಮೊದಲು ಜೋಡಣೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಗಿಟಾರ್ ಪೂರ್ತಿ ಕಟ್ಟಿ, ಆರೂ ತಂತಿ ಏರಿಸಿ, ಶ್ರುತಿ ಮಾಡಿ, ಒಂದು ವಾರ ಹಾಗೇ ಬಿಡಿ. ಆಮೇಲೆ ಎಲ್ಲವನ್ನೂ ಬಿಚ್ಚಿ ಬಣ್ಣಕ್ಕೆ ಹೋಗಿ. ಲಿಯೊ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ಈ ವಿನ್ಯಾಸದಲ್ಲಿ ನೆಕ್ ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂನಲ್ಲಿ ನಿಲ್ಲುವಂಥದ್ದು. ಬಿಚ್ಚಿ ಜೋಡಿಸುವುದು ಇದಕ್ಕೆ ಕಷ್ಟವೇ ಅಲ್ಲ. ಬಣ್ಣ ಮುಗಿದ ಮೇಲೆ ಬ್ರಿಡ್ಜ್ 2 ಮಿ.ಮೀ. ಪಕ್ಕಕ್ಕೆ ಹೋಗಿದೆ ಅಂತ ಗೊತ್ತಾದರೆ ತೂತು ಮುಚ್ಚಿ ಮತ್ತೆ ಕೊರೆಯಬೇಕು, ಆ ಗುರುತು ಎಂದಿಗೂ ಹೋಗುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ನಟ್ ಅಂದರೆ ನೆಕ್ಕಿನ ತಲೆಯ ಬಳಿ ತಂತಿಗಳು ಹಾಯುವ ಕೊರೆತದ ಪಟ್ಟಿ. ನಟ್‌ನ ಫಿಂಗರ್‌ಬೋರ್ಡ್ ಕಡೆಯ ಅಂಚಿನಿಂದ 12ನೇ ಫ್ರೆಟ್‌ನ ನಡುಮಧ್ಯಕ್ಕೆ ಅಳೆಯಿರಿ. 324 ಮಿ.ಮೀ. ಬರಬೇಕು. ಬರದಿದ್ದರೆ ನಟ್ ಕೂತ ಜಾಗವೇ ತಪ್ಪು, ಮುಂದೆ ಹೋಗಬೇಡಿ. ಸರಿ ಇದ್ದರೆ ನೆಕ್ಕನ್ನು ಪಾಕೆಟ್‌ನಲ್ಲಿ ಕೂರಿಸಿ ಕ್ಲ್ಯಾಂಪ್ ಹಾಕಿ. ಎರಡು ಹೊಲಿಗೆ ದಾರವನ್ನು ಎರಡು ಇ ತಂತಿಗಳ ಜಾಗದಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ಎಳೆದು ಟೇಪ್ ಅಂಟಿಸಿ. ಕೊನೆಯ ಫ್ರೆಟ್ ಹತ್ತಿರ ದಾರದಿಂದ ಫಿಂಗರ್‌ಬೋರ್ಡ್ ಅಂಚಿಗೆ ಎರಡೂ ಕಡೆ ಸಮನಾಗಿ, ಸುಮಾರು 3 ಮಿ.ಮೀ. ಉಳಿಯುವಂತೆ ಬ್ರಿಡ್ಜ್ ಸರಿಸಿ. ಪಾಕೆಟ್ ಮಧ್ಯಗೆರೆಯನ್ನೋ ಬಾಡಿಯ ಅಂಟುಗೆರೆಯನ್ನೋ ನಂಬಿ ಬ್ರಿಡ್ಜ್ ಕೂರಿಸಬೇಡಿ. ದಾರ ಹೇಳಿದ್ದೇ ಸತ್ಯ.

ಉದ್ದದ ಲೆಕ್ಕಕ್ಕೆ, ತೆಳು ಇ ತಂತಿಯ ಸ್ಯಾಡಲ್ಲನ್ನು (ಬ್ರಿಡ್ಜ್ ಮೇಲೆ ತಂತಿ ಹೊರುವ, ಹಿಂದೆಮುಂದೆ ಸರಿಯುವ ತುಂಡು) ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು ಅದರ ತುದಿ ನಟ್‌ನಿಂದ 648 ಮಿ.ಮೀ.ಗೆ ಬರುವಂತೆ ಬ್ರಿಡ್ಜ್ ಗುರುತು ಮಾಡಿ. ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವಂತೆ ತಂತಿಯ ಉದ್ದ ಹೊಂದಿಸುವುದು) ಮಾಡುವಾಗ ಸ್ಯಾಡಲ್ ಹಿಂದಕ್ಕೇ ಹೋಗುವುದು. ತೆಳು ತಂತಿಗೆ ಸುಮಾರು 2 ಮಿ.ಮೀ., ದಪ್ಪ ಇ ತಂತಿಗೆ 4ರಿಂದ 5 ಮಿ.ಮೀ. ಸ್ಯಾಡಲ್ ಮಧ್ಯದಲ್ಲಿಟ್ಟು ಅಳೆದರೆ ದಪ್ಪ ತಂತಿಗೆ ಹಿಂದೆ ಜಾಗವೇ ಸಾಲದೆ ಹೋಗಬಹುದು.

ನೆಕ್ ಸ್ಕ್ರೂ 45 ಮಿ.ಮೀ. ಉದ್ದದ್ದು ಎಂದುಕೊಳ್ಳಿ. ಪಾಕೆಟ್ ತಳದ ಮರ 28 ಮಿ.ಮೀ., ಹಿಂದಿನ ಲೋಹದ ಪ್ಲೇಟ್ 2 ಮಿ.ಮೀ., ಉಳಿದ 15 ಮಿ.ಮೀ. ನೆಕ್ ಒಳಕ್ಕೆ ಹೋಗುತ್ತದೆ. ನೆಕ್ಕಿನ ಹಿಮ್ಮಡಿ (ಪಾಕೆಟ್ಟಿನಲ್ಲಿ ಕೂರುವ ತುದಿ) ದಪ್ಪ 25 ಮಿ.ಮೀ. ಇರುವುದರಿಂದ ಡ್ರಿಲ್ ಬಿಟ್‌ಗೆ 17 ಮಿ.ಮೀ.ಯಲ್ಲಿ ಟೇಪ್ ಸುತ್ತಿ ಕೊರೆಯಿರಿ. ನೆಕ್‌ಗೆ 3.2 ಮಿ.ಮೀ. ಬಿಟ್. ಬಾಡಿಗೆ ಮಾತ್ರ 4.5 ಮಿ.ಮೀ. ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಬಾಡಿಯ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ಜಾರಬೇಕು. ಅಲ್ಲಿಯೂ ಸ್ಕ್ರೂವಿನ ಮರೆ (ಸುತ್ತಿನ ಎಳೆ) ಕಚ್ಚಿಕೊಂಡರೆ ಎಷ್ಟೇ ಬಿಗಿ ಮಾಡಿದರೂ ನೆಕ್ ಪಾಕೆಟ್‌ಗೆ ಎಳೆದುಕೊಳ್ಳುವುದಿಲ್ಲ, ನಡುವೆ ಕೂದಲೆಳೆ ಸಂದು ಉಳಿಯುತ್ತದೆ.

ಮಲೆನಾಡ ಮಳೆ

ಸಿಲ್ವರ್ ಓಕ್ ಬಗ್ಗೆ ಎರಡು ಮಾತು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಮೆಣಸು ಹಬ್ಬಿಸಲು, ನೆರಳಿಗೆ ಬೆಳೆಸುವ ಮರ. ಸೀಳಿದ ಬಗೆಯ ಮೇಲೆ ಮೈಮೇಲೆ ಹಾವಿನ ಪೊರೆಯಂಥ ಚುಕ್ಕೆ ಬರುತ್ತದೆ, ನೋಡಲು ಬಲು ಚೆಂದ. ಆದರೆ ಆ ಚುಕ್ಕೆಗಳು ಸುತ್ತಲಿನ ಮರದಷ್ಟು ಬಣ್ಣ ಹೀರುವುದಿಲ್ಲ, ಹತ್ತರಿ ಹಾಕುವಾಗ ಎದ್ದು ಬರುತ್ತವೆ. ಸ್ಟೇನ್ ಹಾಕುವ ಯೋಚನೆ ಇದ್ದರೆ ಮೊದಲು ಇದೇ ಮರದ ತುಂಡಿನ ಮೇಲೆ ನೋಡಿ. ಮರಕ್ಕೆ ನೇರವಾಗಿ ಬಣ್ಣ ಕೊಡುವ ಬದಲು ಲ್ಯಾಕರ್‌ನಲ್ಲೇ ಜೇನುಬಣ್ಣ ಬೆರೆಸಿ ಹೊಡೆಯುವುದು ಇದಕ್ಕೆ ಒಪ್ಪುತ್ತದೆ.

ಇದರ ದೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆಂಪು ಗಂದೆ ಏಳುತ್ತದೆ. ತುಂಬು ತೋಳಿನ ಅಂಗಿ, ಮೂಗಿಗೆ ಮಾಸ್ಕ್ ಬೇಕೇ ಬೇಕು.

ಸ್ಯಾಂಡಿಂಗ್ 120, 180, 220, ಅಷ್ಟು ಸಾಕು. ಅಡ್ಡನಾರು ಕಾಣುವ ಅಂಚುಗಳನ್ನು ಮಾತ್ರ 320ರವರೆಗೆ ಒಯ್ಯಿರಿ, ಇಲ್ಲದಿದ್ದರೆ ಅಲ್ಲಿ ಬಣ್ಣ ಕಪ್ಪಾಗುತ್ತದೆ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಿಸಿ. ಎದ್ದ ನಾರನ್ನು ಅದೇ 220ರಲ್ಲಿ ಹಗುರಾಗಿ ತೆಗೆಯಿರಿ. ಮರದ ತೇವಾಂಶ ಶೇ. 12ಕ್ಕಿಂತ ಕೆಳಗಿರಬೇಕು. ಈ ಮಳೆಯಲ್ಲಿ ಮನೆಯ ಹೊರಗಿಟ್ಟ ಹಲಗೆ ಅದಕ್ಕಿಂತ ಮೇಲೆಯೇ ಇರುತ್ತದೆ. ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಟ್ಟು, ವಾರಕ್ಕೊಮ್ಮೆ ತೂಕ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಬಣ್ಣ.

ಅರಗು

ಮಳೆ ಬಿಟ್ಟಿಲ್ಲ ಅನ್ನುವುದಾದರೆ ಎನ್‌ಸಿ ಸ್ಪ್ರೇ ಈಗ ಬೇಡ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರಾವಿ ಅಲ್ಲಿ ಇಬ್ಬನಿಯ ಹಾಗೆ ಕೂತು ಲ್ಯಾಕರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಬಿಳಿ ಮಬ್ಬು. ಗಾಳಿಯ ಆರ್ದ್ರತೆ ಶೇ. 65ಕ್ಕಿಂತ ಕಡಿಮೆ ಇರುವ ದಿನ ನೋಡಿಕೊಳ್ಳಿ. ಮಲೆನಾಡಿನಲ್ಲಿ ಅದು ನವೆಂಬರ್ ಮೇಲೆಯೇ.

ಕಾಯಲು ಆಗದಿದ್ದರೆ ಅರಗಿನ ಪಾಲಿಶ್. ಸ್ಪ್ರೇ ಗನ್ ಬೇಡ, ಹತ್ತಿಯ ಉಂಡೆ ಸಾಕು. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಶೋಧಿಸಿ. ತೆಳುವಾಗಿ ಬಹಳ ಸಲ. ಕಲಸಿ ಆರು ತಿಂಗಳು ದಾಟಿದ ಅರಗು ಬಳಸಬೇಡಿ, ಅದು ಗಟ್ಟಿಯೇ ಆಗದೆ ಬೆರಳಿಗೆ ಅಂಟುತ್ತಿರುತ್ತದೆ. ಇದರ ದೌರ್ಬಲ್ಯವೂ ಗೊತ್ತಿರಲಿ: ಬಿಸಿಗೆ, ಬೆವರಿಗೆ ಬೇಗ ಸೋಲುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಕರಗಿ ಗುರುತು ಬೀಳುತ್ತದೆ.

ಅರಗಿನ ಮೇಲೆ ಪಿಯು ಹೊಡೆಯುವ ಆಲೋಚನೆ ಇದ್ದರೆ ಮೇಣ ತೆಗೆದ ಅರಗೇ ಆಗಬೇಕು. ಮೇಣವಿರುವುದರ ಮೇಲೆ ಪಿಯು ಹಿಡಿಯದೆ ಪೊರೆಯಾಗಿ ಏಳುತ್ತದೆ.

ಸ್ಪ್ರೇಗನ್

ಅರಗು ಅಕೌಸ್ಟಿಕ್ ಗಿಟಾರ್‌ಗೆ ಶ್ರೇಷ್ಠ, ಒಪ್ಪುತ್ತೇನೆ. ಎಲೆಕ್ಟ್ರಿಕ್‌ನಲ್ಲಿ ಮುಂಗೈ ಒಂದೇ ಕಡೆ ಗಂಟೆಗಟ್ಟಲೆ ಉಜ್ಜುತ್ತದೆ, ಬೆಲ್ಟ್ ಬಕಲ್ ತಾಗುತ್ತದೆ. ಇಲ್ಲಿ ಲ್ಯಾಕರ್ ಅಥವಾ ಪಿಯು ಬೇಕು. ಎರಡು ಡಬ್ಬಿಯ ಪಿಯು ಗಟ್ಟಿ, ಬೇಗ ಮುಗಿಯುತ್ತದೆ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಬಟ್ಟೆ ಮಾಸ್ಕ್, ಎನ್95 ಯಾವುದೂ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದೆ ಸ್ಪ್ರೇ ಮಾಡಬೇಡಿ, ಗಾಳಿಯಾಡದ ಕೋಣೆಯಲ್ಲಂತೂ ಮುಟ್ಟಲೇಬೇಡಿ. ಪಿಯು ಪದರಗಳು ಒಂದರೊಳಗೊಂದು ಕರಗುವುದಿಲ್ಲ, ಹಾಗಾಗಿ ಮುಂದೆ ಚಕ್ಕೆ ಎದ್ದರೆ ತೇಪೆಯ ಅಂಚು ಕಾಣುತ್ತದೆ. ಎನ್‌ಸಿಯಲ್ಲಿ ಹೊಸ ಪದರ ಹಳೆಯದನ್ನು ಕರಗಿಸಿ ಒಂದಾಗುತ್ತದೆ. ಮೊದಲ ಗಿಟಾರ್‌ಗೆ ಎನ್‌ಸಿ. ಈ ಎರಡರಲ್ಲಿ ತಪ್ಪು ತಿದ್ದಲು ಅವಕಾಶ ಕೊಡುವ ಲೇಪ ಅದೇ.

ಕ್ರಮ: ಸುಷಿರ ತುಂಬಲು ಗ್ರೇನ್ ಫಿಲ್ಲರ್, ನಾರಿಗೆ ಅಡ್ಡವಾಗಿ ಉಜ್ಜಿ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ, ಒಂದು ದಿನ ಬಿಡಿ. ಸ್ಯಾಂಡಿಂಗ್ ಸೀಲರ್ 3 ಕೋಟು, 320ರಲ್ಲಿ ಸಮ ಮಾಡಿ. ಬಣ್ಣದ ಕೋಟು 2ರಿಂದ 3. ಕ್ಲಿಯರ್ 6ರಿಂದ 8. ಲ್ಯಾಕರ್ ಮತ್ತು ಥಿನ್ನರ್ ಒಂದಕ್ಕೊಂದು. ದಿನಕ್ಕೆ ಮೂರು ಕೋಟು ಮೀರಬೇಡಿ, ನಡುವೆ ಎರಡು ಗಂಟೆ. ಅವಸರದಲ್ಲಿ ದಪ್ಪ ಹೊಡೆದರೆ ಮೇಲ್ಪದರ ಒಣಗಿ ಒಳಗಿನ ಥಿನ್ನರ್ ಸಿಕ್ಕಿಬೀಳುತ್ತದೆ, ಆರು ತಿಂಗಳ ನಂತರವೂ ಕುಗ್ಗುತ್ತಾ ಸುಷಿರಗಳು ಗುಂಡಿಗಳಾಗಿ ಕಾಣಿಸಿಕೊಳ್ಳುತ್ತವೆ.

ಬಿಳಿ ಮಬ್ಬು ಬಂದರೆ ಉಜ್ಜಬೇಡಿ. ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ಥಿನ್ನರನ್ನು ಅದರ ಮೇಲೆ ತೆಳು ಮಂಜಿನಂತೆ ಹೊಡೆದರೆ ಮೇಲ್ಮೈ ಮತ್ತೆ ಕರಗಿ ನೀರಾವಿ ಹೊರಗೆ ಹೋಗುತ್ತದೆ. ಮೀನಿನ ಕಣ್ಣಿನಂಥ ದುಂಡು ಗುಳಿ ಬಿದ್ದರೆ ಅದು ಸಿಲಿಕೋನ್. ಕಾರ್ ಪಾಲಿಶ್ ಬಳಸಿದ ಬಟ್ಟೆ ಹತ್ತಿರ ಎಲ್ಲೋ ಇದೆ ಅಂತಲೇ ಅರ್ಥ.

ಉಳಿಬಾಚಿ

ಎನ್‌ಸಿ ಅಂತ ತೀರ್ಮಾನಿಸಿದ್ದಾಯಿತು, ಸ್ಪ್ರೇ ನವೆಂಬರ್‌ಗೆ. ನೆಕ್ ಪಾಕೆಟ್ ಒಳಗೂ ಬಣ್ಣ ಬೇಕೇ? ಕೊನೆಯಲ್ಲಿ ನೀರು ಹಾಕಿ ಉಜ್ಜುವುದು ಸುರಕ್ಷಿತವೇ? ನೆಕ್‌ಗೂ ಇದೇ ಲ್ಯಾಕರ್ ಸಾಕೇ?

ಹನ್ನೆರಡನೇ ಫ್ರೆಟ್

ಪಾಕೆಟ್ ಒಳಗೆ ಬೇಡ. ಮಾಸ್ಕಿಂಗ್ ಟೇಪ್ ಹಚ್ಚಿ, ಕೊನೆಯ ಕೋಟು ಪೂರ್ತಿ ಗಟ್ಟಿಯಾಗುವ ಮೊದಲೇ ಅಂಚಿನಲ್ಲಿ ಬ್ಲೇಡ್ ಎಳೆದು ಟೇಪ್ ಬಿಡಿಸಿ. ಪಾಕೆಟ್ ಗೋಡೆಯ ಮೇಲೆ ಬಣ್ಣ ಕೂತರೆ ಮೊದಲು ಸರಿಯಾಗಿ ಕೂರುತ್ತಿದ್ದ ನೆಕ್ ಈಗ ಬಿಗಿ. ಒತ್ತಿ ಕೂರಿಸಿದರೆ ಮೂಲೆಯಲ್ಲಿ ಲ್ಯಾಕರ್ ಬಿರುಕು ಬಿಡುತ್ತದೆ.

ನೀರಿನ ಸ್ಯಾಂಡಿಂಗ್‌ನಲ್ಲಿ ಅಪಾಯ ಇರುವುದು ಸ್ಕ್ರೂ ತೂತುಗಳ ಬಳಿ. ನೀರು ಇಳಿದರೆ ಒಳಗಿನ ಬರಿ ಮರ ಉಬ್ಬಿ ತೂತಿನ ಸುತ್ತ ಲ್ಯಾಕರ್ ಎತ್ತಿಬಿಡುತ್ತದೆ. ಎಲ್ಲ ತೂತಿಗೂ ಮೇಣ ತುಂಬಿ, ಇಲ್ಲವೇ ನೀರಿನ ಬದಲು ಮಿನರಲ್ ಟರ್ಪೆಂಟೈನ್ ಬಳಸಿ. ಕೊನೆಯ ಕೋಟಿನ ನಂತರ ಮೂರರಿಂದ ನಾಲ್ಕು ವಾರ ತೂಗುಹಾಕಿ. ಮೂಗು ಹತ್ತಿರ ಇಟ್ಟಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಆಗಿಲ್ಲ. ಆಮೇಲೆ 800, 1000, 1500, 2000, ಕೊನೆಗೆ ಸಿಲಿಕೋನ್ ಇಲ್ಲದ ಕಾಂಪೌಂಡ್. ಅಂಚುಗಳ ಮೇಲೆ 800 ಹಾಕಲೇಬೇಡಿ. ಅಲ್ಲಿ ಲ್ಯಾಕರ್ ತೆಳುವಾಗಿ ಕೂತಿರುತ್ತದೆ, ಎರಡು ಎಳೆತಕ್ಕೆ ಮರ ಕಾಣುತ್ತದೆ.

ಮೇಪಲ್ ನೆಕ್ ಹಿಂಬದಿಗೆ ಲೇಪ ಬೇಕೇ ಬೇಕು, ಬರಿ ಬಿಟ್ಟರೆ ಬೆವರಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಮಳೆಗಾಲದಲ್ಲಿ ಬಾಗುತ್ತದೆ. ಕೈಗೆ ಜಾರುವ ನೆಕ್ ಬೇಕಾದರೆ ಬಾಯ್ಲ್ಡ್ (ಬೇಗ ಒಣಗುವ) ಅಗಸೆ ಎಣ್ಣೆ ಚೆನ್ನ: ತೆಳುವಾಗಿ ಹಚ್ಚಿ, ಹತ್ತು ನಿಮಿಷಕ್ಕೆ ಒರೆಸಿ, ದಿನಕ್ಕೊಂದರಂತೆ ಐದಾರು ಸಲ. ಎಣ್ಣೆ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ ಹರವಿ ಒಣಗಿಸಿ. ಬೀಟೆಗೆ ಲ್ಯಾಕರ್ ಬೇಡ, ಟೇಪ್ ಹಾಕಿ ಮುಚ್ಚಿ.

ಸ್ಪ್ರೇಗನ್

ಸೇರಿಸಬೇಕಾದ್ದು: ಲ್ಯಾಕರ್ ಕೂತ ಟ್ಯೂನರ್ (ತಂತಿ ಬಿಗಿಸುವ ಕಿವಿ) ತೂತು ಚಿಕ್ಕದಾಗಿರುತ್ತದೆ. ಡ್ರಿಲ್ ಬಿಟ್ ಹಾಕಿದರೆ ಅದು ಕಚ್ಚಿ ಎಳೆದು ಲ್ಯಾಕರ್ ಚಕ್ಕೆ ಎಬ್ಬಿಸುತ್ತದೆ. ಕೈಯಲ್ಲಿ ತಿರುಗಿಸುವ ರೀಮರ್ ಅಥವಾ ಕಡ್ಡಿಗೆ ಸುತ್ತಿದ ಸ್ಯಾಂಡ್‌ಪೇಪರ್ ಬಳಸಿ. ಸ್ಕ್ರೂ ತೂತುಗಳ ಬಾಯಿಗೆ ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಲ್ಯಾಕರ್ ತೂತಿನ ಅಂಚಿನಿಂದ ಹಿಂದೆ ಸರಿಯಲಿ. ಟ್ಯೂನರ್‌ನ ಪುಟ್ಟ ಸ್ಕ್ರೂಗೆ ಮೇಪಲ್‌ನಲ್ಲಿ 1.6 ಮಿ.ಮೀ. ಪೈಲಟ್ ತೂತು, ಮರೆಗೆ ಮೇಣ. ಸೋಪು ಬೇಡ, ಅದು ತೇವ ಎಳೆದು ಸ್ಕ್ರೂ ತುಕ್ಕು ಹಿಡಿಸುತ್ತದೆ. ಸಾಮಾನ್ಯವಾಗಿ ತಲೆ ಮುರಿಯುವುದು ಇದೇ ಸ್ಕ್ರೂ.

ಇನ್ನೊಂದು: ಎನ್‌ಸಿ ಗಿಟಾರನ್ನು ರಬ್ಬರ್ ಸ್ಪಂಜಿನ ಸ್ಟ್ಯಾಂಡ್ ಮೇಲೆ ಬಿಡಬೇಡಿ, ತಾಗಿದ ಕಡೆ ಲ್ಯಾಕರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಹತ್ತಿ ಬಟ್ಟೆ ಸುತ್ತಿ.

ಬೆಸುಗೆ

ವೈರಿಂಗ್ ಯಾರೂ ಮುಟ್ಟಲಿಲ್ಲ. ಎರಡು ಸಿಂಗಲ್ ಕಾಯಿಲ್ ಪಿಕಪ್, ಮೂರು ಸ್ಥಾನದ ಸ್ವಿಚ್, 250 ಕಿಲೋ ಓಮ್‌ನ ಎರಡು ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ರೆಸಿಸ್ಟರ್), ಟೋನ್‌ಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. 500 ಕಿಲೋ ಓಮ್ ಎರಡು ಕಾಯಿಲಿನ ಪಿಕಪ್ ಆದ ಹಂಬಕರ್‌ಗೆ, ಇಲ್ಲಿ ಹಾಕಿದರೆ ಬ್ರಿಡ್ಜ್ ಪಿಕಪ್ ಕಿವಿ ಚುಚ್ಚುತ್ತದೆ.

ಹೆಚ್ಚಿನವರು ಸೋಲುವುದು ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ ಬೆಸೆಯುವಲ್ಲಿ. 25 ವ್ಯಾಟ್ ಕಡ್ಡಿ ಸಾಲದು, ಪಾಟ್‌ನ ಲೋಹವೇ ಶಾಖ ಎಳೆದುಕೊಂಡುಬಿಡುತ್ತದೆ. ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಟ್ಟುಹೋಗುತ್ತದೆ. 60 ವ್ಯಾಟ್, ಅಗಲ ಮೊನೆ, ಬೆನ್ನನ್ನು ಮೊದಲು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಮೂರು ಸೆಕೆಂಡಿನಲ್ಲಿ ಸೀಸ ಹರಿಯಬೇಕು. ಬೆಸುಗೆ ಹೊಳೆಯುತ್ತಾ ಹರಡಿರಬೇಕು. ಗೋಲಿಯಂತೆ ಉಬ್ಬಿ ಕೂತಿದ್ದರೆ ಹಿಡಿದಿಲ್ಲ.

ಕುಳಿಗಳಿಗೆ ತಾಮ್ರದ ಟೇಪ್ ಹಚ್ಚುವುದಾದರೆ ತುಂಡು ತುಂಡಿನ ನಡುವೆ ಮಲ್ಟಿಮೀಟರ್‌ನಲ್ಲಿ 1 ಓಮ್‌ಗಿಂತ ಕಡಿಮೆ ಬರಬೇಕು, ಬರದಿದ್ದರೆ ಸೇರುವಲ್ಲಿ ಒಂದು ಹನಿ ಬೆಸುಗೆ. ಟೆಲಿಯ ಕಂಟ್ರೋಲ್ ಕುಳಿ ಬಹಳ ಇಕ್ಕಟ್ಟು. ಹೊರಗಿದ್ದಾಗ ಸದ್ದು ಬಂದು, ಪ್ಲೇಟ್ ಸ್ಕ್ರೂ ಮಾಡಿದ ಕೂಡಲೇ ಮೌನವಾದರೆ ಸ್ವಿಚ್‌ನ ಕಾಲು ತಾಮ್ರಕ್ಕೆ ತಾಗಿದೆ ಎಂದೇ ತಿಳಿಯಿರಿ. ಸ್ವಿಚ್ ಎದುರಿನ ಗೋಡೆಗೆ ಇನ್ಸುಲೇಷನ್ ಟೇಪ್ ಹಚ್ಚಿ.

ತಂತಿ ಹಾಕುವ ಮೊದಲೇ ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ವಾಲ್ಯೂಮ್ ಪೂರ್ತಿ. ಪಿಕಪ್ 6.5 ಕಿಲೋ ಓಮ್ ಇದ್ದರೆ 250 ಕಿಲೋ ಪಾಟ್ ಜೊತೆ ಸಮಾಂತರವಾಗಿ ಸುಮಾರು 6.3 ಓದುತ್ತದೆ. ನಡು ಸ್ಥಾನದಲ್ಲಿ ಎರಡೂ ಸೇರಿ ಅರ್ಧಕ್ಕೆ, 3.2ರ ಹತ್ತಿರಕ್ಕೆ ಇಳಿಯಬೇಕು. ಯಾವುದೋ ಸ್ಥಾನದಲ್ಲಿ 250 ಕಿಲೋ ತೋರಿಸಿದರೆ ಆ ಪಿಕಪ್ ಸೇರಿಲ್ಲ. ಸೊನ್ನೆ ಬಂದರೆ ಎಲ್ಲೋ ಶಾರ್ಟ್.

ಅರಗು

ಗ್ರೌಂಡ್ ವೈರ್‌ಗಳನ್ನೆಲ್ಲ ಒಂದೇ ಬಿಂದುವಿಗೆ ತರಬೇಕು, ಇಲ್ಲದಿದ್ದರೆ ಗ್ರೌಂಡ್ ಲೂಪ್ ಆಗಿ ಗುಂಯ್‌ಗುಡುತ್ತದೆ ಅಂತಾರಲ್ಲ, ಅದು?

ಬೆಸುಗೆ

ಒಂದೇ ಬಿಂದುವಿಗೆ ತಂದರೆ ನೋಡಲು ಅಚ್ಚುಕಟ್ಟು, ಅಷ್ಟೇ. ಗಿಟಾರ್ ಒಳಗಿನ ಪುಟ್ಟ ಸುತ್ತಿನಿಂದ ಕೇಳಿಸುವಷ್ಟು ಹಮ್ ಬರುವುದಿಲ್ಲ. ಗುಂಯ್‌ಗುಡುವುದಕ್ಕೆ ಬೇರೆ ಕಾರಣ ಹುಡುಕಿ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ವೈರಿಂಗ್ ಸರಿ ಇದೆ. ಮುಟ್ಟಿದಾಗ ಹೆಚ್ಚಾದರೆ ಜ್ಯಾಕ್‌ನಲ್ಲಿ ಹಾಟ್ (ಸದ್ದಿನ ಸಂಕೇತ ಒಯ್ಯುವ ವೈರ್) ಮತ್ತು ಗ್ರೌಂಡ್ ಅದಲುಬದಲಾಗಿವೆ. ಕಂಟ್ರೋಲ್ ಪ್ಲೇಟ್ ಮುಟ್ಟಿದಾಗ ಮಾತ್ರ ಕಡಿಮೆಯಾಗಿ ತಂತಿಗೆ ಏನೂ ಆಗದಿದ್ದರೆ ಬ್ರಿಡ್ಜ್‌ಗೆ ಗ್ರೌಂಡ್ ಹೋಗಿಲ್ಲ. ಬ್ರಿಡ್ಜ್ ಪ್ಲೇಟ್ ಅಡಿಗೆ ಸಿಪ್ಪೆ ತೆಗೆದ ವೈರ್ ಇಟ್ಟು ಅದಕ್ಕೆ ತಾಗುವ ಕಡೆ ಲ್ಯಾಕರ್ ಕೆರೆದಿರಬೇಕು.

ಇದಕ್ಕಿಂತ ಮುಖ್ಯವಾದದ್ದು ಗೋಡೆಯ ಪ್ಲಗ್. ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತವೆ. ಮನೆಯ ಅರ್ತ್ ಇಲ್ಲದಿದ್ದರೆ ಆಂಪ್‌ನ ಸೋರಿಕೆ ನೇರ ಕೈಗೆ, ಮೈಕ್ ತುಟಿಗೆ ತಾಗಿದಾಗ ಜುಂ ಅನ್ನುತ್ತದೆ. ಹಳೆ ಮನೆಗಳಲ್ಲಿ ಮೂರನೇ ಪಿನ್ ತೂತು ಇದ್ದರೂ ಹಿಂದೆ ವೈರೇ ಇರುವುದಿಲ್ಲ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್, ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ತ್‌ಗೆ ಎರಡು ಮೂರು ವೋಲ್ಟ್ ಇರಬೇಕು. ಅಳೆಯಲು ಧೈರ್ಯ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರ್ ಆಂಪ್‌ಗೆ ಎಂದಿಗೂ ಬೇಡ.

ಹನ್ನೆರಡನೇ ಫ್ರೆಟ್

ಸೆಟಪ್ ಕ್ರಮ: ಶ್ರುತಿ, ನೆಕ್ ಬಾಗು, ನಟ್, ತಂತಿ ಎತ್ತರ, ಇಂಟೊನೇಶನ್, ಕೊನೆಗೆ ಪಿಕಪ್ ಎತ್ತರ. ಹಿಂದುಮುಂದು ಮಾಡಿದರೆ ಮಾಡಿದ್ದನ್ನೇ ಮಾಡುತ್ತಾ ಕೂರಬೇಕಾಗುತ್ತದೆ.

10-46 (ದಪ್ಪ 0.010ರಿಂದ 0.046 ಇಂಚು) ತಂತಿ ಸೆಟ್ ಎಂದಿಟ್ಟುಕೊಂಡು: ಮೊದಲ ಫ್ರೆಟ್‌ಗೆ ಕೇಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್), ಕೊನೆಯ ಫ್ರೆಟ್ ಒತ್ತಿ, 8ನೇ ಫ್ರೆಟ್ ಮೇಲೆ ದಪ್ಪ ತಂತಿಯ ಅಡಿ 0.25 ಮಿ.ಮೀ. ಫೀಲರ್ ಗೇಜ್ ತೂರಬೇಕು. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಉಕ್ಕಿನ ಸಲಾಕೆ) ಬಿಗಿ, ಒಂದು ಸಲಕ್ಕೆ ಕಾಲು ಸುತ್ತು. ನಟ್‌ಗೆ, ಮೂರನೇ ಫ್ರೆಟ್ ಒತ್ತಿದಾಗ ಮೊದಲ ಫ್ರೆಟ್ ಮೇಲೆ 0.1 ಮಿ.ಮೀ., ಅಂದರೆ ಒಂದು ಕಾಗದದ ಹಾಳೆಯಷ್ಟು ಸಂದು. ಕಡಿಮೆಯಾದರೆ ಬಿಟ್ಟ ತಂತಿ ಝರ್ ಎನ್ನುತ್ತದೆ, ಹೆಚ್ಚಾದರೆ ಮೊದಲ ಮೂರು ಫ್ರೆಟ್‌ಗಳ ಸ್ವರ ಏರುತ್ತದೆ. ಮೊದಲ ಸ್ಥಾನದ ಕಾರ್ಡ್‌ಗಳು ಅಪಸ್ವರ ಅನ್ನಿಸಿದರೆ ಸ್ಯಾಡಲ್ ತಿರುಗಿಸುವ ಮುನ್ನ ನಟ್ ನೋಡಿ. ನಟ್ ಕೊರೆತದ ಇಳಿಜಾರು ಹೆಡ್‌ಸ್ಟಾಕ್ ಕಡೆಗಿರಲಿ. ಶ್ರುತಿ ಮಾಡುವಾಗ ಟಿಂಗ್ ಅಂದು ಜಿಗಿದರೆ ತಂತಿ ಅಲ್ಲಿ ಕಚ್ಚುತ್ತಿದೆ. ಕೊರೆತ ಅಗಲಿಸಿ, ಪೆನ್ಸಿಲ್ ಸೀಸದ ಪುಡಿ ಹಾಕಿ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ ತೆಳು ಇಗೆ 1.6, ದಪ್ಪ ಇಗೆ 2 ಮಿ.ಮೀ. ಪಿಕಪ್‌ಗೆ ಕೊನೆಯ ಫ್ರೆಟ್ ಒತ್ತಿ ಅಳೆದಾಗ ದಪ್ಪ ಕಡೆ 2.4, ತೆಳು ಕಡೆ 2. ಇದಕ್ಕಿಂತ ಹತ್ತಿರ ತಂದರೆ ಆಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಲೆಯುತ್ತದೆ, ಇಂಟೊನೇಶನ್ ಎಂದಿಗೂ ಕೂರುವುದಿಲ್ಲ. ಫ್ರೆಟ್ ಹೊಳಪಿಗೆ ಉಕ್ಕಿನ ಉಣ್ಣೆ ಬಳಸಿದರೆ ಪಿಕಪ್‌ಗಳನ್ನು ಟೇಪ್‌ನಲ್ಲಿ ಮುಚ್ಚಿ. ಆ ಪುಡಿ ಆಯಸ್ಕಾಂತಕ್ಕೆ ಅಂಟಿದರೆ ತೆಗೆಯಲಾಗದು.

ಉಳಿಬಾಚಿ

ಬಣ್ಣಕ್ಕೆ ಮುಂಚಿನ ಜೋಡಣೆ ಆಯಿತು. ಎರಡು ತೊಂದರೆ. ಸ್ಯಾಡಲ್ ಸ್ಕ್ರೂಗಳನ್ನು ಪೂರ್ತಿ ಇಳಿಸಿದರೂ 12ನೇ ಫ್ರೆಟ್‌ನಲ್ಲಿ 2.3 ಮಿ.ಮೀ. ಇದೆ. ನಡು ಸ್ಥಾನದಲ್ಲಿ ಮೀಟರ್ 3.2 ತೋರಿಸುತ್ತದೆ, ಆದರೆ ಸದ್ದು ಡಬ್ಬಿಯೊಳಗಿಂದ ಬಂದಂತೆ ತೆಳು.

ಹನ್ನೆರಡನೇ ಫ್ರೆಟ್

ಪಾಕೆಟ್‌ನ ಬ್ರಿಡ್ಜ್ ಕಡೆಯ ತುದಿಯಲ್ಲಿ 0.25 ಮಿ.ಮೀ. ಪಟ್ಟಿ ಇಟ್ಟು ನೋಡಿ. ಪಾಕೆಟ್ ಉದ್ದ ಸುಮಾರು 70, ಅದರ ಬಾಯಿಯಿಂದ ಬ್ರಿಡ್ಜ್‌ಗೆ ಸುಮಾರು 250 ಮಿ.ಮೀ., ಹಾಗಾಗಿ ಆ ಪಟ್ಟಿ ಬ್ರಿಡ್ಜ್ ಬಳಿ 0.9 ಮಿ.ಮೀ. ವ್ಯತ್ಯಾಸ ತರುತ್ತದೆ. ಎತ್ತರ ಸರಿಹೋಗಿ ಸ್ಕ್ರೂನಲ್ಲಿ ಆಟಕ್ಕೂ ಜಾಗ ಉಳಿದರೆ ಅದೇ ಕೋನಕ್ಕೆ ತೆಳು ವೆನೀರನ್ನು ಒಂದು ಕಡೆ ಸೊನ್ನೆಗೆ ಇಳಿಯುವಂತೆ ಉಜ್ಜಿ, ಪಾಕೆಟ್ ಪೂರ್ತಿ ತುಂಬುವ ಬೆಣೆ ಮಾಡಿ. ಬರಿ ಪಟ್ಟಿ ಬಿಟ್ಟರೆ ನಡುವಿನ ಟೊಳ್ಳಿಗೆ ಹಿಮ್ಮಡಿ ನಿಧಾನಕ್ಕೆ ಬಾಗಿ ಕೊನೆಯ ಫ್ರೆಟ್‌ಗಳು ಮೇಲೇಳುವ ಸಂಭವ ಇದೆ. ಇದೆಲ್ಲ ಬಣ್ಣಕ್ಕೆ ಮುಂಚೆ ಗೊತ್ತಾದದ್ದು ಒಳ್ಳೆಯದಾಯಿತು, ಬೇಕಿದ್ದರೆ ಪಾಕೆಟ್ ತಳವನ್ನೇ ಆ ಕೋನಕ್ಕೆ ಕೆತ್ತಬಹುದು.

ಬೆಸುಗೆ

ತೆಳು ಸದ್ದು ಫೇಸ್ ತಪ್ಪಿದ್ದರಿಂದ, ಅಂದರೆ ಎರಡು ಪಿಕಪ್ಪಿನ ಸಂಕೇತಗಳು ಎದುರುಬದುರಾಗಿ ಒಂದನ್ನೊಂದು ಅಳಿಸುತ್ತಿವೆ. ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಬೇಕು. ಬ್ರಿಡ್ಜ್ ಪಿಕಪ್ಪನ್ನು ಬದಲಿಸಲು ಹೋಗಬೇಡಿ, ಅದರ ಕೆಳಗಿನ ಲೋಹದ ಪ್ಲೇಟ್ ಗ್ರೌಂಡ್ ವೈರ್‌ಗೆ ಸೇರಿರುತ್ತದೆ. ನೆಕ್ ಪಿಕಪ್ ಬದಲಿಸಿ, ಆದರೆ ಅಲ್ಲೂ ಒಂದು ಕೊಂಡಿ ಇದೆ: ಲೋಹದ ಮುಚ್ಚಳದಿಂದ ಕಪ್ಪು ವೈರ್‌ನ ಕಾಲಿಗೆ ಒಂದು ಚಿಕ್ಕ ತಂತಿ ಬೆಸೆದಿರುತ್ತಾರೆ. ಹಾಗೇ ಬದಲಿಸಿದರೆ ಮುಚ್ಚಳ ಹಾಟ್ ಆಗುತ್ತದೆ, ಬೆರಳು ತಾಗಿದಾಗಲೆಲ್ಲ ಗುಂಯ್. ಆ ಚಿಕ್ಕ ತಂತಿ ಕತ್ತರಿಸಿ, ಮುಚ್ಚಳಕ್ಕೆ ಬೇರೆ ಮೂರನೇ ವೈರ್ ಬೆಸೆದು ನೇರವಾಗಿ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಒಯ್ಯಿರಿ, ಆಮೇಲೆ ಕಪ್ಪು ಬಿಳಿ ಬದಲಿಸಿ. ಕಾಯಿಲ್‌ನ ತಂತಿ ಕೂದಲಿಗಿಂತ ತೆಳು, ಆ ಕಾಲಿನ ಮೇಲೆ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ಮುಗಿದ ಮೇಲೆ ಮೀಟರ್‌ನಲ್ಲಿ ಮುಚ್ಚಳದಿಂದ ಜ್ಯಾಕ್‌ನ ಹೊರತೋಳಿಗೆ ಸೊನ್ನೆ ಓಮ್ ಬರುತ್ತಿದೆಯೇ ನೋಡಿ.